ಎಂಟನೇ ನಂಬರಿನ ಪಂಪು

ಬೆಳಿಗ್ಗೆ ಒಂಬತ್ತಕ್ಕೆ ಹಂಟ್ಲಿ ಊರಿನ ಸಭಾಭವನದಲ್ಲಿ ಇಷ್ಬೆಲ್ ಗಾರಿಯೊಕ್ ತನ್ನ ಮೇಜು ಜೋಡಿಸುತ್ತಿದ್ದಾಗ ಆ ಗುಂಡಿಗಳು ಕಣ್ಣಿಗೆ ಬಿದ್ದವು. ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದಿದ್ದದ್ದು, ಸಾಯಂಕಾಲದೊಳಗೆ ಒಪ್ಪಿಗೆ ಕೊಡಬೇಕಾದ ದಿನವೇ ಬೀಳಬೇಕೇ?

ಆ ದಿನ ಅಲ್ಲಿ ಮಾದರಿ ರೈಲುಗಳ ವಾರ್ಷಿಕ ಪ್ರದರ್ಶನ. ಅವಳ ಮೇಜಿನ ನಡುವೆ ಅಂಗೈಯಷ್ಟು ಉದ್ದದ ಹಸಿರು ಎಂಜಿನ್ನೊಂದು ಕೂತಿತ್ತು. ಡೆವರನ್ ಕಣಿವೆ ರೈಲ್ವೆಯ ಎಂಟನೇ ನಂಬರು. ಆ ರೈಲ್ವೆಗೆ ಇದ್ದದ್ದೇ ಒಂಬತ್ತು ಎಂಜಿನ್ನು, ಮೂವತ್ತು ಮೈಲಿ ಹಳಿ. ನೂರು ವರ್ಷದ ಹಿಂದೆಯೇ ಎಲ್ಲವೂ ಗುಜರಿಗೆ ಹೋಗಿತ್ತು. ಇಷ್ಬೆಲ್ ಕೆಲಸ ಏನೆಂದರೆ ಇಂಥ ಸತ್ತ ಎಂಜಿನ್ನುಗಳನ್ನು ಮೊಳೆ ತಪ್ಪದಂತೆ ಚಿಕ್ಕದಾಗಿ ಮಾಡಿಸಿ ಮಾರುವುದು. ಕೊಂಡವನು ಅಂಟು, ಬಣ್ಣ, ಸ್ಕ್ರೂ ಎಂದು ಒದ್ದಾಡಬಾರದು; ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟರೆ ಓಡಬೇಕು. ನಕ್ಷೆ ಅವಳದು, ತಯಾರಿ ಚೀನಾದ ಕಾರ್ಖಾನೆಯದು. ಆರುನೂರ ಹನ್ನೆರಡು ಜನ ಹೆಸರು ಬರೆಸಿ ನಾಲ್ಕು ವರ್ಷದಿಂದ ಕಾಯುತ್ತಿದ್ದರು, ಮತ್ತು ಪ್ರತಿ ತಿಂಗಳೂ ಅವಳಿಗೆ ಬೈದು ಕಾಗದ ಬರೆಯುತ್ತಿದ್ದರು.

ತಡಕ್ಕೆ ಕಾರಣ ಅವಳಲ್ಲ, ಹೆಕ್ಟರ್ ಇಮ್ಲಾಕ್. ಎಂಬತ್ತನಾಲ್ಕು ವರ್ಷದ, ಅವಳ ಶಾಲೆಯ ನಿವೃತ್ತ ಹೆಡ್‌ಮಾಸ್ತರು, ಆ ರೈಲ್ವೆಯ ಬಗ್ಗೆ ಇರುವ ಒಂದೇ ಪುಸ್ತಕವನ್ನು ಮೂವತ್ತು ವರ್ಷದ ಹಿಂದೆ ಬರೆದವರು. ಅವರು ಹೂಂ ಅನ್ನದೆ ಆ ರೈಲ್ವೆಯ ಅಭಿಮಾನಿಗಳ ಸಂಘದ ಒಬ್ಬನೂ ಕೊಳ್ಳುವುದಿಲ್ಲ. ಮೊದಲ ನಮೂನೆ ಬಂದಾಗ ನೀರಿನ ತೊಟ್ಟಿಯ ಅಂಚಿನಲ್ಲಿ ಇಪ್ಪತ್ತನಾಲ್ಕು ಮೊಳೆ ಇರಬೇಕಾದಲ್ಲಿ ಇಪ್ಪತ್ಮೂರಿವೆ ಎಂದು ತಳ್ಳಿದರು. ಎರಡನೆಯದಕ್ಕೆ ಹಸಿರು ಹೆಚ್ಚು ಹಳದಿಗೆ ತಿರುಗಿದೆ ಎಂದರು. ಮೂರನೆಯದಕ್ಕೆ ಕಲ್ಲಿದ್ದಲ ಗೂಡಿನ ಕಂಬಿ ಒಂದು ಕೂದಲಷ್ಟು ದಪ್ಪ. ಮೊಸರಲ್ಲಿ ಕಲ್ಲು ಹುಡುಕುವ ಜನರನ್ನು ಇಷ್ಬೆಲ್ ಬೇಕಾದಷ್ಟು ಕಂಡಿದ್ದಳು. ಈ ಮುದುಕರು ಕಲ್ಲು ಸಿಗದಿದ್ದರೆ ತಾವೇ ತಂದು ಹಾಕುವ ಜಾತಿ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಆದರೂ ಹಲ್ಲು ಕಚ್ಚಿಕೊಂಡು ಪ್ರತಿ ಸಲ ತಿದ್ದಿಸಿದ್ದಳು. ಈ ನಾಲ್ಕನೆಯದರಲ್ಲಿ ಅವರಿಗೂ ಏನೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ವೇದಿಕೆಯ ಮೇಲೆ ನಿಂತು ಒಪ್ಪಿಗೆ ಸಾರುತ್ತೇನೆ ಎಂದು ಮುಖ ಹಿಂಡಿಕೊಂಡೇ ಒಪ್ಪಿದ್ದರು. ಅವಳು ಕೂಡಲೇ ಕಾರ್ಖಾನೆಯ ಲಿನ್‌ಗೆ ತಿಳಿಸಿದರೆ ಸೋಮವಾರ ಕೆಲಸ ಶುರು. ತಪ್ಪಿದರೆ ಆ ಸರದಿ ಬೇರೆಯವರಿಗೆ. ಮತ್ತೆ ಹದಿನಾಲ್ಕು ತಿಂಗಳು. ಅಷ್ಟು ದಿನ ಅವಳ ಪುಟ್ಟ ಕಂಪನಿ ಉಸಿರು ಹಿಡಿದಿರುತ್ತದೆಂಬ ಭರವಸೆ ಅವಳಿಗೇ ಇರಲಿಲ್ಲ.

ಪ್ರದರ್ಶನದವರು ಈ ಸಲ ಮುತುವರ್ಜಿಯಿಂದ ಎಂಟನೇ ನಂಬರಿನ ಹಳೆಯ ಫೋಟೋವನ್ನು ಆಳೆತ್ತರಕ್ಕೆ ಹಿಗ್ಗಿಸಿ ಅವಳ ಮೇಜಿನ ಹಿಂದೆ ನೇತುಹಾಕಿದ್ದರು. ಆ ಎಂಜಿನ್ನಿನದು ಲೋಕದಲ್ಲಿ ಉಳಿದಿರುವುದು ಅದೊಂದೇ ಫೋಟೋ. ಇಮ್ಲಾಕ್ ಮೇಷ್ಟ್ರು ಹಳೆಯ ಕಾಲದ ಗಾಜಿನ ನೆಗೆಟಿವ್ ಫಲಕದಿಂದ ತಾವೇ ಅಚ್ಚು ತೆಗೆದು ಪುಸ್ತಕಕ್ಕೆ ಹಾಕಿದ್ದು. ಎಂಜಿನ್ನಿನ ಬಲಮಗ್ಗುಲು, ತೊಟ್ಟಿಯ ಮೇಲೆ 8 ಎಂಬ ಒಂದೇ ಅಂಕಿ, ಮುಂದೆ ಬ್ರೇಕಿಗೆ ಗಾಳಿ ತುಂಬುವ ಪಂಪು, ಅದರ ಪಕ್ಕ ಬೆನ್ನ ಹಿಂದೆ ಕೈಕಟ್ಟಿ ನಿಂತ ಡ್ರೈವರು. ಅಂಚಿಗೆ ಪಿನ್ನು ಚುಚ್ಚುತ್ತಿದ್ದ ಇಷ್ಬೆಲ್ ಮೂಗಿನ ನೇರಕ್ಕೆ ಆ ಡ್ರೈವರನ ಎದೆ ಬಂತು.

ಅವಳ ತಾಯಿ ನಲವತ್ತು ವರ್ಷ ಇದೇ ಊರಿನಲ್ಲಿ ಬಟ್ಟೆ ಹೊಲಿದವಳು. ಗಂಡಸರ ಕೋಟಿಗೆ ಗುಂಡಿ ಬಲಕ್ಕೆ, ಹೆಂಗಸರದಕ್ಕೆ ಎಡಕ್ಕೆ ಎಂಬುದನ್ನು ಇಷ್ಬೆಲ್ ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಈ ದಾಂಡಿಗ ಮೀಸೆಯವನ ಕೋಟಿನ ಗುಂಡಿಗಳು ಹೆಂಗಸರ ಕಡೆಗಿದ್ದವು. ಒಳಗಿನ ವೇಸ್ಟ್‌ಕೋಟಿನವೂ ಅಷ್ಟೇ.

ಅವಳ ಕೈಯ ಪಿನ್ನುಗಳು ಚೆಲ್ಲಿದವು. ಗಾಜಿನ ಫಲಕವನ್ನು ತಿರುವಿ ಹಾಕಿ ಅಚ್ಚು ತೆಗೆದಿದ್ದಾರೆ. ಎಂಟು ಎಂಬ ಅಂಕಿ ತಿರುವಿದರೂ ಎಂಟೇ ಆದ್ದರಿಂದ ಯಾರಿಗೂ ತಿಳಿದಿಲ್ಲ. ಹಾಗಾದರೆ ಅದು ಬಲಮಗ್ಗುಲಲ್ಲ, ಎಡ. ಪಂಪು ಇರಬೇಕಾದದ್ದು ಎಡಗಡೆ. ಅವಳ ಮೇಜಿನ ಮೇಲೆ ಮೊಳೆ ಮೊಳೆಗೂ ಲೆಕ್ಕವಿಟ್ಟು ತಿದ್ದಿದ ಹಸಿರು ಎಂಜಿನ್ನಿನ ಪಂಪು ಜಂಬದಿಂದ ಬಲಗಡೆ ಕೂತಿತ್ತು.

ಇಮ್ಲಾಕ್ ಮೇಷ್ಟ್ರು ಹನ್ನೊಂದಕ್ಕೆ ಬಂದರು. ಇಷ್ಬೆಲ್ ಅವರನ್ನು ರಟ್ಟೆ ಹಿಡಿದು ಹಿಂದಿನ ಅಡುಗೆಮನೆಗೆ ಎಳೆದುಕೊಂಡು ಹೋದಳು. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಮಧ್ಯಾಹ್ನದ ಆಲೂಗಡ್ಡೆ-ಮಾಂಸ ಕುದಿಯುತ್ತಿತ್ತು; ಬಡಿಸುವ ಹೆಂಗಸರು ಇನ್ನೂ ಬಂದಿರಲಿಲ್ಲ.

"ಮೇಷ್ಟ್ರೇ, ಆ ಫೋಟೋ ತಿರುಗುಮುರುಗಾಗಿದೆ."

"ಏನು ಹಾಗಂದ್ರೆ?"

"ಡ್ರೈವರನ ಗುಂಡಿ ನೋಡ್ಕೊಂಡು ಬನ್ನಿ ಹೋಗಿ. ಪಂಪು ಎಡಗಡೆ ಇರಬೇಕಿತ್ತು."

ಅವರು ನೋಡಲು ಹೋಗಲಿಲ್ಲ. ಕುರ್ಚಿ ಎಳೆದು ಕೂತರು. ಮೊಳೆಯೊಂದಕ್ಕೆ ವರ್ಷ ತಿನ್ನಿಸಿದ ಮನುಷ್ಯ ಇಂಥ ಮಾತಿಗೆ ಎಗರಾಡದೆ ಕೂತದ್ದು ನೋಡಿಯೇ ಅವಳಿಗೆ ವಿಷಯ ತಿಳಿದುಹೋಯಿತು.

"ನಿಮಗೆ ಗೊತ್ತಿತ್ತು," ಎಂದಳು.

"ಪುಸ್ತಕ ಬಂದು ನಾಲ್ಕು ವರ್ಷಕ್ಕೆ ಗೊತ್ತಾಯ್ತು," ಎಂದರು ಮೇಷ್ಟ್ರು ನೆಲ ನೋಡುತ್ತ. "ಆ ಡ್ರೈವರನ ಮಗಳು ಕೀತ್ ಊರಿಂದ ಕಾಗದ ಬರೆದಿದ್ಲು. 'ಪಂಪು ಎಡಗಡೆ ಇತ್ತು ಸ್ವಾಮಿ, ಅಪ್ಪನ ಟೀ ಕ್ಯಾನನ್ನ ಬಿಸಿಗೆ ಅಂತ ಅದರ ಪಕ್ಕ ನಾನೇ ಇಡ್ತಿದ್ದೆ' ಅಂತ. ಗಾಜು ಆಗಲೇ ಒಡೆದುಹೋಗಿತ್ತು. ಕಾಗದ ತೆಗೆದು ಡ್ರಾಯರಿಗೆ ಹಾಕಿದೆ."

"ಉತ್ತರ?"

"ಬರೀಲಿಲ್ಲ. ಇವತ್ತು ಬರೆದೇನು, ನಾಳೆ ಬರೆದೇನು ಅಂತ... ಅವಳು ಹೋಗಿ ಇಪ್ಪತ್ತು ವರ್ಷದ ಮೇಲಾಯ್ತು."

"ಮತ್ತೆ ನನಗೆ ಆ ಮೊಳೆ, ಆ ಹಸಿರು, ಆ ಕಂಬಿ ಅಂತ ಮೂರು ವರ್ಷ ಕುಣಿಸಿದ್ರಲ್ಲ! ಅದೆಲ್ಲ ಯಾಕೆ ಮೇಷ್ಟ್ರೇ?" ಕೇಳುತ್ತಿದ್ದಂತೆಯೇ ಅವಳಿಗೆ ಉತ್ತರ ಹೊಳೆಯಿತು. ಹೊಳೆದು ಮೈ ಉರಿಯಿತು. "ಇದು ಹೊರಗೇ ಬರಬಾರದು ಅಂತ. ಅಲ್ವಾ? ನಾನು ಬೇಸತ್ತು ಬಿಟ್ಟುಬಿಡಲಿ ಅಂತ."

"ಪುಸ್ತಕದಲ್ಲಿರೋ ತಪ್ಪು ಕಪಾಟಿನಲ್ಲಿ ಸುಮ್ಮನೆ ಮಲಗಿರುತ್ತೆ ಇಷ್ಬೆಲ್. ನೀನು ಅದನ್ನ ಆರುನೂರು ಮಾಡಿಸಿ ಮನೆ ಮನೆಗೆ ಕಳಿಸ್ತೀನಿ ಅಂದೆ. ನಾನೇನು ಮಾಡ್ಲಿ?"

"ಬಾಯಿ ಬಿಟ್ಟು ಒಂದು ಮಾತು ಹೇಳೋದು!"

ಮೇಷ್ಟ್ರು ತಲೆ ಎತ್ತಿದರು. "ಈಗ ಹಾಗೇ ಕಳಿಸಿಬಿಡು. ನಿನಗೂ ಒಳ್ಳೇದು. ಯಾರಿಗೆ ಗೊತ್ತಾಗುತ್ತೆ?"

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ಅವಳಿಗೆ ಆ ಕುದಿಯುವ ಪಾತ್ರೆಯನ್ನೇ ಎತ್ತಿ ಅವರ ತಲೆಗೆ ಕವುಚಬೇಕೆನ್ನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೆಯೇ ಬಂತು, ಏಕೆಂದರೆ ಒಂದು ಗಳಿಗೆ, ಒಂದೇ ಒಂದು ಗಳಿಗೆ, ಆ ಮಾತು ಅವಳಿಗೂ ಸರಿ ಅನ್ನಿಸಿತ್ತು. ಇಂದು ಹೂಂ ಅಂದರೆ ಕಂಪನಿ ಉಳಿಯುತ್ತದೆ. ಕೊಂಡವರೆಲ್ಲ ಹರಸುತ್ತಾರೆ. ಎಡ ಯಾವುದು ಬಲ ಯಾವುದು ಎಂದು ಹೇಳಲು ಬದುಕಿರುವವರು ಯಾರೂ ಇಲ್ಲ.

"ಕ್ಲಾಸಲ್ಲಿ ಲೆಕ್ಕದ ಉತ್ತರ ನೋಡಿ ಬರೆದೆ ಅಂತ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ, ನೆನಪಿದೆಯಾ?" ಎಂದಳು. "ಎರಡು ಗಂಟೆಗೆ ವೇದಿಕೆ ಮೇಲೆ ನಿಂತು ನೀವೇ ಹೇಳಬೇಕು. ಹೇಳದಿದ್ರೆ ನಾನು ಹೇಳ್ತೀನಿ, ಕಾಗದದ ವಿಷಯಾನೂ ಸೇರಿಸಿ."

ಎರಡು ಗಂಟೆಗೆ ಭವನ ತುಂಬಿತ್ತು. ಮೇಷ್ಟ್ರು ಮೈಕಿನ ಮುಂದೆ ನಿಂತು ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಫಲಕ ತಿರುವಿ ಹಾಕಿದ್ದು, ಬಂದ ಕಾಗದ, ಬರೆಯದ ಉತ್ತರ. ಇಷ್ಬೆಲ್ ಬೈಗುಳಕ್ಕೆ, ಛೀಮಾರಿಗೆ ಸಿದ್ಧಳಾಗಿ ಕೂತಿದ್ದಳು. ಬಂದದ್ದು ಅದಲ್ಲ.

ಮುಂದಿನ ಸಾಲಿನಿಂದ ಪಿರೀ ಎದ್ದ. ಸಂಘದ ಕಾರ್ಯದರ್ಶಿ, ದನದ ಡಾಕ್ಟರು, ಮೊದಲು ಹೆಸರು ಬರೆಸಿದವನು. ಅವನ ಕೈಯಲ್ಲಿ ಮೇಷ್ಟ್ರ ಪುಸ್ತಕವೇ ಇತ್ತು.

"ಮೇಷ್ಟ್ರೇ, ಕ್ಷಮಿಸಿ, ಪುಟ ಎಂಬತ್ನಾಲ್ಕು ನೋಡಿ. 'ಪಂಪು ಬಲಗಡೆ ಇತ್ತು' ಅಂತ ಸ್ಪಷ್ಟವಾಗಿ ಇದೆ."

"ಅದನ್ನ ಬರೆದವನು ನಾನೇ ಕಣಯ್ಯ! ನಾನೇ ಹೇಳ್ತಿದೀನಲ್ಲ, ತಪ್ಪು ಅಂತ!"

"ಆಗ ನೀವು ಸರಿಯಾಗೇ ಇದ್ರಿ," ಎಂದ ಪಿರೀ ಮೃದುವಾಗಿ. "ವಯಸ್ಸು ಯಾರನ್ನು ಬಿಡುತ್ತೆ ಹೇಳಿ."

ಇಷ್ಬೆಲ್ ಎದ್ದು ಡ್ರೈವರನ ಎದೆ ತೋರಿಸಿದಳು. ಗಂಡಸರು ಮುಂದೆ ಬಂದು ಇಣುಕಿದರು, ತಮ್ಮ ತಮ್ಮ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು.

"ಚಳಿಗೆ ಹೆಂಡತಿ ಕೋಟು ಹಾಕ್ಕೊಂಡು ಬಂದಿರಬೇಕು ಪಾಪ!" ಎಂದ ಯಾರೋ ಒಬ್ಬ. ಭವನವೆಲ್ಲ ನಕ್ಕಿತು.

"ವೇಸ್ಟ್‌ಕೋಟೂ ಹೆಂಡತೀದೇನಾ?" ಎಂದಳು ಇಷ್ಬೆಲ್. ಯಾರೂ ಕೇಳಿಸಿಕೊಳ್ಳಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ಮೊಲವೇ ಬಂದು ನಾಲ್ಕನೆಯ ಕಾಲು ತೋರಿಸಿದರೂ ಪ್ರಯೋಜನವಿಲ್ಲ. ಮೂವತ್ತು ವರ್ಷ ಈ ಜನ ತಮ್ಮ ಕೈಯಾರೆ ಮಾಡಿಕೊಂಡ ಎಂಜಿನ್ನುಗಳಿಗೆಲ್ಲ ಬಲಗಡೆಯೇ ಪಂಪು ಅಂಟಿಸಿದ್ದರು. ಮೇಷ್ಟ್ರು ಮೈಕು ಹಿಡಿದು ಕೂಗುತ್ತಲೇ ಇದ್ದರು. ಅವರ ಮಾತಿಗೆ ಅವರ ಪುಸ್ತಕವೇ ಅಡ್ಡ ಬರುತ್ತಿತ್ತು. ಮುಪ್ಪಿನ ಆ ಮುಖ ಕೆಂಪಾಗಿ ಕಣ್ಣು ತುಂಬಿದ್ದು ನೋಡಿ ಇಷ್ಬೆಲ್‌ಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ಇನ್ನಷ್ಟು ರೇಗಿತು.

ಪಿರೀ ಅವಳ ಮೇಜಿಗೆ ಬಂದ. "ನೋಡಮ್ಮ, ಇದ್ದ ಹಾಗೇ ಮಾಡಿಸಿದ್ರೆ ಸರಿ. ಪಂಪು ಆ ಕಡೆಗೆ ಹೋದ್ರೆ ನನ್ನ ಹೆಸರು ಹೊಡೆದುಹಾಕು. ತಪ್ಪು ಎಂಜಿನ್ನು ನನಗೆ ಬೇಡ."

ಅವಳು ಫೋನು ತೆಗೆದು ಅವನೆದುರಿಗೇ ಲಿನ್‌ಗೆ ಬರೆದಳು: ಪಂಪು ಎಡಕ್ಕೆ ಬರಬೇಕು. ಅಚ್ಚು ತಿದ್ದಿ. ನಮ್ಮ ಸರದಿ ಬಿಟ್ಟುಕೊಡಿ, ಕಾಯುತ್ತೇವೆ. ಕಳಿಸುವ ಗುಂಡಿ ಒತ್ತಿದಳು. ಆಮೇಲೆ ಪಟ್ಟಿ ತೆಗೆದು ಮೊದಲ ಹೆಸರಿನ ಮೇಲೆ ಗೀಟು ಎಳೆದಳು. ಬೇಡಿಕೊಳ್ಳುತ್ತಾಳೆಂದು ನಿಂತಿದ್ದ ಪಿರೀ ಬಗ್ಗಿ ಆ ಗೀಟನ್ನೇ ನೋಡಿದ. ಅವನ ಹಿಂದೆ ಹೆಸರು ಹೊಡೆಸಲು ಬಂದವರ ಸಾಲು ಬೆಳೆಯುತ್ತಿತ್ತು.

ಮೇಷ್ಟ್ರು ವೇದಿಕೆ ಇಳಿದು ಬಂದು, ಕುರ್ಚಿ ಎಳೆದು ಅವಳ ಪಕ್ಕ ಕೂತು, ಕೈಯಿಂದ ಪೆನ್ನು ಕಿತ್ತುಕೊಂಡರು. "ನೂಕಬೇಡಿ. ಒಬ್ಬೊಬ್ಬರಾಗಿ ಬನ್ನಿ. ಹೆಸರು?" ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಅದೇ ಗಂಟಲು. ಪ್ರತಿಯೊಬ್ಬನ ಮುಖವನ್ನೂ ಕನ್ನಡಕದ ಮೇಲಿಂದ ನೋಡಿ ಗೀಟು ಎಳೆದರು.

ನಾಲ್ಕು ಗಂಟೆಗೆ ನಲವತ್ತೊಂದು ಹೆಸರು ಹೋಗಿತ್ತು. ಉಳಿದ ಐನೂರ ಎಪ್ಪತ್ತೊಂದು ಜನಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

"ಅವರಿಗೆ ಕಾಗದ ನಾನು ಬರೀತೀನಿ," ಎಂದರು ಮೇಷ್ಟ್ರು. "ಅಚ್ಚು ಹಾಕಿಸೋದಲ್ಲ. ಒಬ್ಬೊಬ್ಬರಿಗೂ ಕೈಯಲ್ಲಿ."

ಇಷ್ಬೆಲ್ ಪಟ್ಟಿಯನ್ನು ಮಡಿಸಿ ಅವರ ಮುಂದಿಟ್ಟಳು.

"ಬರೀರಿ," ಎಂದಳು. "ಅಂಚೆಗೆ ಹಾಕೋದು ಮಾತ್ರ ನಾನು."