ಸುಣ್ಣ ಮುಟ್ಟಿದ ಅರಿಶಿನ

ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಆರತಿ ತಟ್ಟೆಯಲ್ಲಿನ ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದು. ನಾನು ಸೊಸೆಯಾಗಿ ಬಂದಾಗಲೂ, ಆಮೇಲೆ ನನ್ನ ಓರಗಿತ್ತಿ ಅಂಬುಜಾಕ್ಷಿ ಬಂದಾಗಲೂ ಹೊಸ್ತಿಲಲ್ಲಿ ಕೆಂಪಾರತಿ ಎತ್ತಿದವರು ಅವರೇ. ಅಂಬುಜಾಕ್ಷಿಗೆ ಮಾತ್ರ ಮುಖ ಗಂಟು ಹಾಕಿಕೊಂಡೇ ಎತ್ತಿದರು. ಅವಳು ಮೈದುನ ಶ್ರೀಕಂಠ ತಾನೇ ಮೆಚ್ಚಿ ತಂದವಳು. ಅತ್ತೆ ನೋಡಿಟ್ಟಿದ್ದ ಹುಡುಗಿ ಬೇರೆ.

ಮೊದಲ ಗೌರಿಹಬ್ಬಕ್ಕೆ ಹೊಸ ಸೊಸೆ ಅತ್ತೆಯ ಕೆನೆಬಣ್ಣದ ರೇಷ್ಮೆ ಸೀರೆಯುಟ್ಟು ಪೂಜೆಗೆ ಕೂರುವುದು ನಮ್ಮ ಮನೆಯ ಪದ್ಧತಿ. ಮಣೆಯ ಮೇಲೆ ಚೆಲ್ಲಿದ್ದ ಅರಿಶಿನ ಅಂಬುಜಾಕ್ಷಿಯ ಸೀರೆಯ ಹಿಂಭಾಗಕ್ಕೆ ಹತ್ತಿತ್ತು. ಹೆದರಿದ ಹುಡುಗಿ ನನ್ನನ್ನಾದರೂ ಕೇಳಬಾರದಿತ್ತೆ! ಸೀರೆ ಬದಲಿಸಿ, ಹಿತ್ತಲ ಕಲ್ಲಿನ ಮೇಲೆ ಬಟ್ಟೆಸೋಪು ತಿಕ್ಕಿದಳು. ಅರಿಶಿನದ ಮಟ್ಟಿಗೆ ಸೋಪೂ ಒಂದೇ, ಸುಣ್ಣವೂ ಒಂದೇ. ಕಲೆ ಕಡುಗೆಂಪಾಯಿತು.

ಅತ್ತೆ ಆ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ನಡುಮನೆಗೆ ಬಂದರು.

"ನೋಡೋ ಶ್ರೀಕಂಠ, ನಿನ್ನ ಹೆಂಡ್ತಿ ಹೊರಗಾಗಿ ಗೌರಿ ಮುಂದೆ ಕೂತಿದ್ದಾಳೆ. ಮುಟ್ಟಿನ ರಕ್ತ ಇದು. ಇವಳನ್ನ ತವರಿಗೆ ಬಿಟ್ಟು ಬಾ."

"ದೇವರಾಣೆಗೂ ಅದು ಅರಿಶಿನ ಅತ್ತೆ," ಎಂದಳು ಅಂಬುಜಾಕ್ಷಿ.

ನನಗೆ ಮೈಯೆಲ್ಲ ಉರಿದುಹೋಯಿತು. ಒಳಗಿನಿಂದ ನಿಂಬೆಹಣ್ಣು ತಂದು, ರಸವನ್ನು ನೀರಿಗೆ ಬೆರೆಸಿ ಕಲೆಯ ಮೇಲೆ ಹನಿಸಿದೆ. ಕೆಂಪು ಇಳಿದು ಹಳದಿ ಎದ್ದಿತು.

"ರಕ್ತ ಎಲ್ಲಾದ್ರೂ ಹಳದಿ ಆಗತ್ತಾ ಅತ್ತೆ?"

ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ನನಗೇ ಹೇಳಿಕೊಡೋಕೆ ಬಂದ್ಯಾ? ಜೀವಮಾನವೆಲ್ಲಾ ಆರತಿ ಕದಡಿದ ಕೈ ಕಣೇ ಇದು," ಎಂದರು ತಣ್ಣಗೆ. "ನಾನು ಮೈಲಿಗೆ ಅಂದ ಮೇಲೆ ಮೈಲಿಗೆ."

ಅಂದರೆ ಮೊದಲಿನಿಂದಲೂ ಅವರಿಗೆ ಗೊತ್ತಿತ್ತು. ಅಂಬುಜಾಕ್ಷಿ ಗಂಡನ ಕಡೆ ತಿರುಗಿದಳು.

"ನೀವೇನಂತೀರಿ?"

"ಅಮ್ಮನ ಕೋಪ ಇಳೀಲಿ. ನಾಲ್ಕು ದಿನ ಹೋಗಿದ್ದು ಬಾ."

ನಾಲ್ಕು ದಿನಕ್ಕೆಂದು ಹೋದವಳನ್ನು ಕರೆತರಲು ಅವನು ಹೋಗಲಿಲ್ಲ. ಅಂಥವನ ಮನೆಗೆ ಅವಳೂ ತಾನಾಗಿ ಬರಲಿಲ್ಲ.

ಸೀರೆಯನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆದವಳು ನಾನು. ರೇಷ್ಮೆಗೆ ನೆರಳು ಬೇಕು, ಅರಿಶಿನಕ್ಕೆ ಬಿಸಿಲೇ ಮದ್ದು. ಹಾಗಾಗಿ ಕಲೆಯಿದ್ದಷ್ಟು ಜಾಗವನ್ನು ಮಾತ್ರ ಬಿಸಿಲಿಗೆ ಒಡ್ಡಿದೆ. ಸಂಜೆಯ ಹೊತ್ತಿಗೆ ಗುರುತೂ ಉಳಿದಿರಲಿಲ್ಲ. ಅತ್ತೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು.

ಕೆಲವು ವರ್ಷಗಳಾದ ಮೇಲೆ ಅತ್ತೆ ಮೆಚ್ಚಿದ ಹುಡುಗಿಯೇ ಶ್ರೀಕಂಠನ ಪಕ್ಕದಲ್ಲಿ ಹೊಸ್ತಿಲಾಚೆ ಬಂದು ನಿಂತಳು. ಅಷ್ಟರಲ್ಲಿ ಅತ್ತೆಯ ಕೈ ನಡುಗಲು ಶುರುವಾಗಿತ್ತು. ತಟ್ಟೆಯನ್ನು ನನ್ನ ಕಡೆ ಚಾಚಿ, "ಸುಣ್ಣ ಹಾಕೇ, ಹೊತ್ತಾಯ್ತು," ಎಂದರು.

ಹಾಕಿ ಕದಡಿದೆ. ಹಳದಿ ನೀರು ಕೆಂಪಾಯಿತು.

"ಇದೇನು ಅತ್ತೆ, ರಕ್ತವಾ?" ಎಂದೆ.

ಹೊಸ ಹುಡುಗಿ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ಅತ್ತೆಯ ಕೈಯಲ್ಲಿದ್ದ ತಟ್ಟೆಯಿಂದ ಕೆಂಪು ನೀರು ತುಳುಕಿ ಹೊಸ್ತಿಲ ಮೇಲೆ ಬಿತ್ತು.