ಬೀಗಿತಿಗೆ ಹಚ್ಚಿದ ಅತ್ತರು

ಸರ್ವಮಂಗಳಮ್ಮನವರಿಗೆ ನನ್ನ ಮುಖವೇ ನೆನಪಿರಲಿಲ್ಲ. ನನ್ನ ಹೊಟ್ಟೆ ಹೆಚ್ಚು ಉರಿಸಿದ್ದು ಅದೇ. ಐವತ್ತೆಂಟನೇ ಇಸವಿಯಲ್ಲಿ ಮಗ ರಾಮಪ್ರಸಾದನಿಗೆ ಹೆಣ್ಣು ನೋಡಲು ಜಯನಗರದ ನಮ್ಮ ಮನೆಗೆ ಬಂದು, ಕೇಸರಿಬಾತನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದ ಹೆಂಗಸು!

ನಮ್ಮಪ್ಪ ಗಂಗಾಧರಯ್ಯ ಊದುಬತ್ತಿ ಕಾರ್ಖಾನೆಗಳಿಗೆ ಸುಗಂಧ ಕೂಡಿಸಿಕೊಡುತ್ತಿದ್ದರು. ಆಗ ಬ್ರಾಂದಿಯ ವಾಸನೆ ಬರುವ ಅತ್ತರೊಂದರ ಹಿಂದೆ ಬಿದ್ದಿದ್ದರು. ಒಣದ್ರಾಕ್ಷಿ, ಹಳೇ ಮರ, ಸುಟ್ಟ ಸಕ್ಕರೆ ಎಲ್ಲ ಸೇರಿದಂಥ ಬೆಚ್ಚನೆಯ ವಾಸನೆ ಅದು. ಹೋಲಿಸಿ ನೋಡಲು ಒಂದು ಸಣ್ಣ ಶೀಸೆ ಬ್ರಾಂದಿ ತಂದಿಟ್ಟಿದ್ದರು. ಮೂಸುತ್ತಿದ್ದರೇ ಹೊರತು ನಾಲಿಗೆಗೆ ಒಂದು ಹನಿ ಸೋಕಿಸಿದವರಲ್ಲ. ಹೆಣ್ಣು ನೋಡಲು ಬಂದ ದಿನ ಅಪ್ಪನ ಅಂಗಿಯ ತೋಳಿಗೆ ಆ ಅತ್ತರು ತಗುಲಿತ್ತು.

ಸರ್ವಮಂಗಳಮ್ಮ ಮೂಗಿಗೆ ಸೆರಗು ಹಿಡಿದು ಎದ್ದು ನಿಂತರು.

"ಇದು ಅತ್ತರಿನ ವಾಸನೆ ತಾಯಿ. ನಾನು ಕುಡಿಯೋನಲ್ಲ," ಎಂದು ಅಪ್ಪ ಕೈಮುಗಿದರು.

ಕುಡುಕನ ಮನೆ ಹೆಣ್ಣು ನಮಗೆ ಬೇಡ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಆಕೆ ಹೊರಟರು. ಬಸವನಗುಡಿಯಿಂದ ಕತ್ರಿಗುಪ್ಪೆಯವರೆಗೆ ಡಂಗುರ ಸಾರಿದರು. ನನ್ನನ್ನು ನೋಡಲು ಮತ್ತೆ ಯಾರೂ ಬರಲಿಲ್ಲ, ಅದು ಹಾಳಾಗಿ ಹೋಗಲಿ. ಅಪ್ಪ ಬೀದಿ ಬಾಗಿಲು ಹಾಕಿಕೊಂಡು ಒಳಗೇ ಉಳಿದುಬಿಟ್ಟರು. ಅದನ್ನು ಹೇಗೆ ಮರೆಯಲಿ?

ನಾಲ್ಕು ವರ್ಷದ ಮೇಲೆ ನಮ್ಮ ಪಕ್ಕದ ಮನೆಯ ಕಾತ್ಯಾಯಿನಿಗೆ ಅದೇ ರಾಮಪ್ರಸಾದನ ಜೊತೆ ಮದುವೆ ಗೊತ್ತಾಯಿತು. ಛತ್ರದ ಬಾಗಿಲಲ್ಲಿ ಬಂದವರ ಕೈಗೆ ಅತ್ತರು ಹಚ್ಚುವ ಕೆಲಸವನ್ನು ನಾನೇ ಕೇಳಿ ಪಡೆದೆ. ಎಲ್ಲರಿಗೂ ಗಂಧದೆಣ್ಣೆಯಲ್ಲಿ ಕೂಡಿಸಿದ, ಸಂಜೆಯವರೆಗೂ ನಿಲ್ಲುವ ಮಲ್ಲಿಗೆ. ಬೀಗಿತಿಗೆಂದು ಸೊಂಟದಲ್ಲಿ ಬೇರೆ ಶೀಸೆ ಸಿಕ್ಕಿಸಿಕೊಂಡಿದ್ದೆ. ಅದರಲ್ಲಿ ಮೇಲೆ ತೆಳ್ಳಗೆ ಮಲ್ಲಿಗೆ, ಅಡಿಯಲ್ಲಿ ಅಪ್ಪನ ಬ್ರಾಂದಿ ವಾಸನೆಯ ಅತ್ತರು. ಮಲ್ಲಿಗೆ ಬೇಗ ಹಾರಿಹೋಗುತ್ತದೆ, ಮೈ ಬಿಸಿಯೇರಿದ ಹಾಗೆ ಅಡಿಯದು ಮೇಲೇಳುತ್ತದೆ. ಮುಹೂರ್ತ ಮುಗಿಯುವ ತನಕ ಏಳದ ಹಾಗೆ ಕೂಡಿಸಿದ್ದೆ. ಕಾತ್ಯಾಯಿನಿಯ ತಾಳಿಗೆ ಅಡ್ಡ ಬರುವಷ್ಟು ಕೆಟ್ಟವಳಲ್ಲ ನಾನು.

ಸರ್ವಮಂಗಳಮ್ಮ ನನ್ನ ಗುರುತೇ ಹತ್ತದೆ ಎರಡೂ ಕೈ ಚಾಚಿದರು. ಗಂಡಿನ ತಾಯಿಗೆ ಇಷ್ಟೇನಾ ಎಂದು ಕೇಳಿ ಕತ್ತಿಗೂ ಹಚ್ಚಿಸಿಕೊಂಡರು. ಧಾರಾಳವಾಗಿ ಹಚ್ಚಿದೆ.

ಊಟದ ಪಂಕ್ತಿಯಲ್ಲಿ ಆಕೆಯ ಪಕ್ಕ ಕೂತಿದ್ದವರು ಕಾತ್ಯಾಯಿನಿಯ ಅಜ್ಜಿ ಅಕ್ಕಯಮ್ಮ, ಮಹಾ ಮಡಿಯವರು. ಹುಳಿ ಬಡಿಸುವ ಹೊತ್ತಿಗೆ ಅವರು ಮೂಗಿಗೆ ಸೆರಗು ಹಿಡಿದು, ಬೀಗಿತಿ ಕುಡಿದು ಬಂದಿದ್ದಾರೇನು ಎಂದು ಕೇಳಿಯೇಬಿಟ್ಟರು.

"ಇದು ಅತ್ತರಿನ ವಾಸನೆ. ಈ ಹುಡುಗೀನೇ ಹಚ್ಚಿದ್ದು," ಎಂದು ಸರ್ವಮಂಗಳಮ್ಮ ನನ್ನತ್ತ ಕೈ ತೋರಿಸಿದರು.

ನಾನು ಮಲ್ಲಿಗೆಯ ಶೀಸೆ ತಂದು ಅಕ್ಕಯಮ್ಮನ ಮುಂದೆ ಹಿಡಿದೆ. ಪಂಕ್ತಿಯವರೆಲ್ಲ ತಮ್ಮ ತಮ್ಮ ಕೈ ಮೂಸಿಕೊಂಡರು. ಎಲ್ಲರದೂ ಮಲ್ಲಿಗೆ. ಅಕ್ಕಯಮ್ಮ ಎಲೆ ಬಿಟ್ಟು ಎದ್ದರು, ಅವರ ಹಿಂದೆ ಇಡೀ ಸಾಲು ಎದ್ದಿತು. ಸರ್ವಮಂಗಳಮ್ಮ ಒಬ್ಬರೇ ಉಳಿದಾಗ ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ.

"ನಾನು ಗಂಗಾಧರಯ್ಯನವರ ಮಗಳು. ನಮ್ಮಪ್ಪನೂ ಇದೇ ಮಾತು ಹೇಳಿದ್ರು."

ಆಗ ನೆನಪಾಯಿತು ನನ್ನ ಮುಖ.

ಮನೆಯಲ್ಲಿ ಅಪ್ಪ ನನ್ನ ಬೆರಳು ಹಿಡಿದು ಮೂಸಿದರು. ಆ ಮೂಗಿನಿಂದ ಮುಚ್ಚಿಡುವುದುಂಟೇ? ಬೈದರೆ ಬೈಯಲಿ ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಆಕೆ ಮಾತು ಯಾರಾದ್ರೂ ನಂಬಿದ್ರಾ?"

"ಒಬ್ಬರೂ ಇಲ್ಲ ಅಪ್ಪ."

ಅಪ್ಪ ಎದ್ದು ಹೋಗಿ ಬೀದಿ ಬಾಗಿಲನ್ನು ಪೂರ್ತಿ ತೆರೆದರು. ಜಗಲಿಯ ಮೇಲೆ ಕೂತು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

"ಇನ್ನೊಂದು ಸಲ ಹೇಳು," ಎಂದರು. "ಸ್ವಲ್ಪ ಜೋರಾಗಿ."