ಬಾಯ್ಲರ್ ಬಾಯಿಗೆ ಸುತ್ತಿದ ಟೇಪು

ಬೋಟೊಶಾನಿ ಊರಿನ ನಮ್ಮ ಮನೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಕೈಕೊಟ್ಟಿದ್ದು ಫೆಬ್ರುವರಿಯ ಕೊರೆಯುವ ಚಳಿಯಲ್ಲಿ. ಅದೂ ನನ್ನ ಮೂರು ತಿಂಗಳ ಕೂಸು ಇಲಿಂಕಾಳ ದೀಕ್ಷಾಸ್ನಾನದ ಹಿಂದಿನ ದಿನ. ಅಡುಗೆಮನೆಯ ಗೋಡೆಯ ಮೇಲೆ ಅದು ಕೆಂಪು ದೀಪ ಮಿಟುಕಿಸಿ, ಒಂದು ಸಂಖ್ಯೆ ತೋರಿಸಿ ಸುಮ್ಮನಾಯಿತು. ಅದರ ಕೈಪಿಡಿ ತೆರೆದು ನೋಡಿದೆ. ನೀರಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದೆ, ತಂತ್ರಜ್ಞರನ್ನು ಕರೆಯಿರಿ ಎಂದಿತ್ತು.

"ಒಟಿಲಿಯಾಗೆ ಫೋನ್ ಮಾಡ್ತೀನಿ ಅತ್ತೆ," ಎಂದೆ. ಒಟಿಲಿಯಾ ಪರವಾನಗಿ ಇರುವ ಬಾಯ್ಲರ್ ತಂತ್ರಜ್ಞೆ. ಆದರೆ ಮರುದಿನ ಚರ್ಚಿನಲ್ಲಿ ಮಗುವಿನ ಧರ್ಮತಾಯಿಯಾಗಿ ನಿಲ್ಲುವವಳೂ ಅವಳೇ.

ಅತ್ತೆ ಸವೇತಾ ಹೌಹಾರಿದರು. "ಧರ್ಮತಾಯಿ ಕೈಗೆ ಸ್ಪ್ಯಾನರ್ ಕೊಡ್ತೀಯೇನೇ? ಅವಳನ್ನ ಊಟದ ಮೇಜಿನ ತಲೇಲಿ ಕೂರಿಸಿ ಉಪಚಾರ ಮಾಡಬೇಕು. ನೋಡಿದೋರು ನಗಲ್ವಾ? ನನ್ನ ತಮ್ಮ ಗಾವ್ರಿಲ್ ಇದಾನಲ್ಲ!"

ಗಾವ್ರಿಲ್ ಮಾವ ಟ್ರ್ಯಾಕ್ಟರ್ ರಿಪೇರಿಯವರು. ಅವರು ಬಂದ ಹತ್ತೇ ನಿಮಿಷಕ್ಕೆ ಬಾಯ್ಲರ್ ಹೊತ್ತಿಕೊಂಡಿತು. "ಆ ಸೆನ್ಸರ್ ಗೊಣಗೋ ಮುದುಕಿ ಇದ್ದಂಗೆ. ಬಾಯಿ ಮುಚ್ಚಿಸಿದೀನಿ," ಎಂದು ನಕ್ಕು, ಒಂದು ಲೋಟ ಪ್ಲಮ್ ಸಾರಾಯಿ ಕುಡಿದು ಹೋದರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ದೀಕ್ಷಾಸ್ನಾನದ ಮರುದಿನ ಧರ್ಮತಾಯಿ ಬಂದು ಮಗುವಿಗೆ ನೀರೆರೆಯಬೇಕೆಂಬುದು ನಮ್ಮಲ್ಲಿಯ ಪದ್ಧತಿ. ತೊಟ್ಟಿಯ ನೀರಿಗೆ ಕಾಮಕಸ್ತೂರಿ ಎಸಳು, ಒಂದಿಷ್ಟು ಹಾಲು, ಒಂದು ನಾಣ್ಯ ಹಾಕಿಟ್ಟಿದ್ದೆ. ಒಟಿಲಿಯಾ ಕಸೂತಿ ರವಿಕೆಯ ತೋಳು ಮಡಚಿ ಮಗುವನ್ನು ಎತ್ತಿಕೊಂಡಳು.

"ನೀರು ಆರಿದೆ, ಕೂಸಿಗೆ ಶೀತ ಆಗತ್ತೆ," ಎಂದು ಅತ್ತೆ ತೊಟ್ಟಿಯ ಮೇಲಿನ ಬಿಸಿನೀರಿನ ನಲ್ಲಿ ತಿರುಗಿಸಿದರು.

ಮೊದಲು ಬೆಚ್ಚಗೆ ಬಂತು. ಇಲಿಂಕಾಳ ಪಾದ ಇನ್ನೇನು ನೀರು ಮುಟ್ಟಬೇಕು, ನಲ್ಲಿ ಬುಸ್ಸೆಂದಿತು. ಕೋಣೆ ತುಂಬ ಹಬೆ. ಒಟಿಲಿಯಾ ಮಗುವನ್ನು ಎದೆಗೆ ಒತ್ತಿಕೊಂಡು ಸರಕ್ಕನೆ ತಿರುಗಿದಳು. ಸುಡುನೀರು ಅವಳ ಮಣಿಕಟ್ಟಿನ ಮೇಲೆ ಬಿತ್ತು.

ನಾನು ಮಗುವನ್ನು ಕಿತ್ತುಕೊಂಡು ಕಾಲಿನ ಹತ್ತು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ.

ಅತ್ತೆ ಸುಟ್ಟಗಾಯಕ್ಕೆ ಹಚ್ಚಲು ಹುಳಿಕೆನೆಯ ಬಟ್ಟಲು ಹಿಡಿದು ಓಡಿ ಬಂದರು. "ಅದನ್ನ ಊಟಕ್ಕೆ ಬಡಿಸಿ ದೊಡ್ಡಮ್ಮ," ಎಂದು ಒಟಿಲಿಯಾ ಹಲ್ಲು ಕಚ್ಚಿದಳು. "ಸುಟ್ಟ ಕೈಗೆ ತಣ್ಣೀರು ಸಾಕು," ಎಂದು ನನ್ನತ್ತ ತಿರುಗಿದಳು. "ನೀನು ಹೋಗಿ ಬಾಯ್ಲರ್ ಆರಿಸೇ!"

ಇಪ್ಪತ್ತು ನಿಮಿಷ ಕೈಯನ್ನು ತಣ್ಣೀರಿನ ಕೆಳಗೇ ಹಿಡಿದಿದ್ದಳು. ಆಮೇಲೆ ಬಾಯ್ಲರ್ ಮುಚ್ಚಳ ಬಿಚ್ಚಿದಳು. ಒಳಗೆ ಸೆನ್ಸರ್ ತಂತಿಗಳಿಗೆ ರೇಡಿಯೋದಿಂದ ಕಿತ್ತ ಚಿಕ್ಕದೊಂದು ಬಿಡಿಭಾಗ ಸೇರಿಸಿ ಕಪ್ಪು ಟೇಪು ಸುತ್ತಲಾಗಿತ್ತು.

"ಯಾರ ಘನಂದಾರಿ ಕೆಲಸ ಇದು? ನೀರು ಎಷ್ಟೇ ಕಾದ್ರೂ ಈ ತುಂಡು 'ಇನ್ನೂ ಉಗುರು ಬೆಚ್ಚಗಿದೆ, ಕಾಯಿಸು' ಅಂತ ಬಾಯ್ಲರ್‌ಗೆ ಸುಳ್ಳು ಹೇಳ್ತಾ ಕೂತಿದೆ! ನನ್ನ ಯಾಕೆ ಕರೀಲಿಲ್ಲ?"

"ನಿನ್ನ ಮರ್ಯಾದೆಗೆ ಅಂತ ಮಗಳೇ..." ಅತ್ತೆಯ ದನಿ ಇಳಿದಿತ್ತು.

"ಮರ್ಯಾದೆ! ಕೂಸಿನ ಚರ್ಮ ಸುಲಿದಿದ್ರೆ ಯಾವ ಮೇಜಿನ ತಲೇಲಿ ಕೂರಿಸ್ತಿದ್ರಿ ನನ್ನ?"

ಮರುದಿನ ಒಟಿಲಿಯಾ ಬೆರಳ ತುದಿಯಷ್ಟಿದ್ದ ಹೊಸ ಸೆನ್ಸರ್ ಹಾಕುವಾಗ ಟಾರ್ಚ್ ಹಿಡಿದು ನಿಂತವರು ಅತ್ತೆಯೇ. ಹಾಗೇ ತಮ್ಮನಿಗೆ ಫೋನ್ ಹಚ್ಚಿದರು. "ನೀನು ಟ್ರ್ಯಾಕ್ಟರ್ ಹತ್ರಾನೇ ಇರಪ್ಪ. ನನ್ನ ಮೊಮ್ಮಗಳ ಹತ್ರ ಬರೋ ಯಾವ ಯಂತ್ರಾನೂ ಮುಟ್ಟಬೇಡ."

ಅಕ್ಕತಂಗಿಯರೇ, ನಿಮ್ಮ ಬಾಯ್ಲರ್ ಕೆಟ್ಟೆನೆಂದು ದೀಪ ತೋರಿಸಿದರೆ ಅದು ನಿಮ್ಮ ಮಗುವಿನ ಪರವಾಗಿ ಮಾತಾಡುತ್ತಿದೆ. ಅದನ್ನು ಆರಿಸಿ, ತೋರಿಸಿದ ಸಂಖ್ಯೆ ಬರೆದಿಟ್ಟುಕೊಂಡು ಪರವಾನಗಿ ಇರುವವರನ್ನೇ ಕರೆಯಿರಿ. ಅವರು ನೆಂಟರಾದರೂ ನಾಚಬೇಡಿ. ಎರಡು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡರೆ ಯಾರ ಮಾನವೂ ಹೋಗುವುದಿಲ್ಲ. ಮಗು ತೊಟ್ಟಿಯಲ್ಲಿರುವಾಗ ಬಿಸಿನೀರಿನ ನಲ್ಲಿ ತಿರುಗಿಸಲೇಬೇಡಿ. ನೀರನ್ನು ಮೊದಲೇ ಹದ ಮಾಡಿ, ಮೊಣಕೈ ಅದ್ದಿ ನೋಡಿ, ಆಮೇಲೆ ಮಗುವನ್ನು ಇಳಿಸಿ.

ಒಟಿಲಿಯಾಳ ಮಣಿಕಟ್ಟಿನ ಕಲೆ ಮಾಸಿಲ್ಲ. ಇಲಿಂಕಾ ಈಗ ಅದೇ ಕೈ ಹಿಡಿದು ಹೆಜ್ಜೆ ಇಡುತ್ತಿದ್ದಾಳೆ.